ಕೊರೆಯಂತ್ರವೂ ಗಣಿಗಾರನ ದೇಹವೂ : ಕೋಲಾರದ ಚಿನ್ನದ ಗಣಿಗಳ ಇತಿಹಾಸದ ಒಂದು ಮುಖ

೧

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಎತ್ತಿ ಹೇಳುತ್ತಾರೆ : ಗಣಿಯ ಆಳ, ತೆಗೆದ ಚಿನ್ನದ ತೂಕ, ಅದಕ್ಕಾಗಿ ತರಿಸಿದ ಯಂತ್ರಗಳ ಹಿರಿಮೆ. ಇವು ಅಲಕ್ಷಿಸತಕ್ಕ ಸಂಗತಿಗಳಲ್ಲ. ಚಾಂಪಿಯನ್ ರೀಫ್ ಗಣಿಯು ನೆಲಮಟ್ಟದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದಿತು; ಒಂದು ಶತಮಾನಕ್ಕೂ ಮಿಗಿಲಾದ ಅವಧಿಯಲ್ಲಿ ಇಲ್ಲಿಂದ ಹೊರಬಂದ ಚಿನ್ನವು ಸುಮಾರು ೮೦೦ ಟನ್ನುಗಳೆಂದು ಲೆಕ್ಕ ಹಾಕಲಾಗಿದೆ; ೧೯೦೨ರಲ್ಲಿ ಶಿವನಸಮುದ್ರದಿಂದ ೯೨ ಮೈಲಿಗಳ ತಂತಿಯ ಮೂಲಕ ಇಲ್ಲಿಗೆ ವಿದ್ಯುಚ್ಛಕ್ತಿಯನ್ನು ತಂದುದು ಆ ಕಾಲದ ಲೋಕದಲ್ಲಿಯೇ ಗಣ್ಯವಾದ ಸಾಹಸವಾಗಿದ್ದಿತು. ಆದರೆ ಈ ಮೂರು ಸಂಗತಿಗಳ ನಡುವೆ ನಾಲ್ಕನೆಯದೊಂದು ಮರೆಯಾಗಿ ನಿಂತಿದೆ. ಯಂತ್ರವನ್ನು ಹಿಡಿದು ಬಂಡೆಯನ್ನು ಕೊರೆದ ಮನುಷ್ಯನ ದೇಹವೇ ಅದು. ಆ ದೇಹಕ್ಕೆ ಏನಾಯಿತು, ಆದುದು ಯಾರ ಗಮನಕ್ಕೆ ಯಾವಾಗ ಬಂದಿತು, ಬರಲು ಅಷ್ಟು ಕಾಲ ಏಕೆ ಹಿಡಿಯಿತು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗುವುದು.

೨

ಈ ನೆಲದಲ್ಲಿ ಚಿನ್ನವಿದೆಯೆಂಬುದು ಗ್ರಾಮಸ್ಥರಿಗೆ ಬಹುಕಾಲದಿಂದ ತಿಳಿದಿದ್ದ ವಿಷಯ. ೧೮೦೨ರಲ್ಲಿ ಮೋಜಣಿ ಕಾರ್ಯಕ್ಕೆಂದು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇದನ್ನು ಕೇಳಿ ತಿಳಿದು ವರದಿ ಮಾಡಿದನು. ೧೮೭೩ರಲ್ಲಿ ಬೆಂಗಳೂರಿನಲ್ಲಿ ನೆಲಸಿದ್ದ ನಿವೃತ್ತ ಸೈನಿಕ ಲಾವೆಲ್ ಮೈಸೂರು ಸರ್ಕಾರದಿಂದ ಗಣಿಯ ಹಕ್ಕನ್ನು ಬೇಡಿದನು. ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ಪ್ರವೇಶಿಸಿದ ಮೇಲೆ ಕೆಲಸವು ವ್ಯವಸ್ಥಿತವಾಗಿ ನಡೆಯತೊಡಗಿತು. ಮೇಲ್ವಿಚಾರಕರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಬಂದ ಅನುಭವಸ್ಥ ಗಣಿಗಾರರು ಅನೇಕರಿದ್ದರು. ನೆಲದೊಳಗೆ ದುಡಿದವರಲ್ಲಿ ಬಹುಭಾಗ ಜನರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಗಳಿಂದ ವಲಸೆ ಬಂದ, ಭೂಮಿಯಿಲ್ಲದ, ಅಸ್ಪೃಶ್ಯತೆಯ ಹೊರೆಯನ್ನು ಹೊತ್ತಿದ್ದ ಕುಟುಂಬಗಳವರು.

ಮೊದಮೊದಲು ಬಂಡೆಯನ್ನು ಕೈಯಿಂದಲೇ ಕೊರೆಯುತ್ತಿದ್ದರು. ಉಕ್ಕಿನ ಸಲಾಕೆಯನ್ನು ಹಿಡಿದು ಅದರ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದು, ಆದ ರಂಧ್ರದಲ್ಲಿ ಸಿಡಿಮದ್ದನ್ನು ತುಂಬಿ ಬಂಡೆಯನ್ನು ಒಡೆಯುವುದು ಕ್ರಮ. ಒತ್ತಿದ ಗಾಳಿಯ ಬಲದಿಂದ ನಡೆಯುವ ಕೊರೆಯಂತ್ರಗಳು ಯೂರೋಪು ಅಮೆರಿಕೆಗಳ ಸುರಂಗಗಳಲ್ಲಿ ೧೮೬೦ರ ದಶಕದಲ್ಲಿ ಬಳಕೆಗೆ ಬಂದು, ಮುಂದೆ ಲೋಕದ ಗಣಿಗಳಿಗೆಲ್ಲ ಹರಡಿದುವು. ಕೆಲಸದ ವೇಗವು ಇದರಿಂದ ಬಹುವಾಗಿ ಹೆಚ್ಚಿತೆಂಬುದು ನಿಜ. ಆದರೆ ಕೈಸುತ್ತಿಗೆಯ ಪೆಟ್ಟಿಗೆ ಏಳುತ್ತಿದ್ದ ಧೂಳಿಗೂ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಪೆಟ್ಟು ಹಾಕುವ ಯಂತ್ರದಿಂದ ಏಳುವ ಧೂಳಿಗೂ ಹೋಲಿಕೆಯೇ ಇಲ್ಲ. ಕೋಲಾರದಲ್ಲಿ ಚಿನ್ನವು ಹುದುಗಿದ್ದುದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಬೆಣಚುಕಲ್ಲೆಂದರೆ ಹರಳುಗಟ್ಟಿದ ಸಿಲಿಕ. ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲಿಗಿಂತಲೂ ಸಣ್ಣದಾದ ಅದರ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಉಸಿರಿನೊಡನೆ ಶ್ವಾಸಕೋಶದ ಕೊನೆಯ ಕೋಶಗಳನ್ನು ಹೊಕ್ಕು ಅಲ್ಲಿ ಗಾಯದ ಗಂಟುಗಳನ್ನು ಉಂಟುಮಾಡುತ್ತವೆ. ಇದೇ ಸಿಲಿಕೋಸಿಸ್ ರೋಗ. ಒಮ್ಮೆ ಗಂಟುಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಕೆಲಸವನ್ನು ಬಿಟ್ಟ ಮೇಲೆಯೂ ರೋಗವು ಬೆಳೆಯಬಲ್ಲದು. ಕ್ಷಯವು ಇದರ ಬೆನ್ನ ಹಿಂದೆಯೇ ಬರುವುದು ವಾಡಿಕೆ.

೩

ಗಣಿಯ ಕೆಲಸವು ಉಸಿರನ್ನು ಕೆಡಿಸುವುದೆಂಬ ಅರಿವು ಹೊಸದಲ್ಲ. ೧೫೫೬ರಲ್ಲಿ ಪ್ರಕಟವಾದ ಅಗ್ರಿಕೋಲನ ಲೋಹಶಾಸ್ತ್ರ ಗ್ರಂಥದಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಗಣಿಗಳಲ್ಲಿ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದರೆಂಬ ಮಾತು ಬರುತ್ತದೆ. ಇಟಲಿಯ ವೈದ್ಯ ರಾಮಜೀನಿ ೧೭೦೦ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಬರೆದ ಗ್ರಂಥವನ್ನು ಗಣಿಗಾರರಿಂದಲೇ ಆರಂಭಿಸಿದನು. ಯಂತ್ರಯುಗದಲ್ಲಿ ಈ ಅರಿವು ಇನ್ನಷ್ಟು ಖಚಿತವಾಯಿತು. ಅಮೆರಿಕೆಯ ಡೆನ್ವರ್ ನಗರದ ಲೇನರ್ ಎಂಬಾತನು ೧೮೯೦ರ ದಶಕದ ಕೊನೆಯಲ್ಲಿ ಟೊಳ್ಳಾದ ಸಲಾಕೆಯ ಕೊರೆಯಂತ್ರವನ್ನು ನಿರ್ಮಿಸಿದನು. ಮೊದಲು ಅದರ ಮೂಲಕ ಗಾಳಿಯನ್ನು ಹಾಯಿಸಿದಾಗ ಎದ್ದ ಧೂಳನ್ನು ಕಂಡು ಕಾರ್ಮಿಕರು ಯಂತ್ರವನ್ನು ಮುಟ್ಟಲೊಲ್ಲದೆ ಹೋದರು. ಆಮೇಲೆ ಆತನು ಗಾಳಿಯೊಡನೆ ನೀರನ್ನೂ ಹಾಯಿಸಿ ಧೂಳನ್ನು ಹುಟ್ಟುವಲ್ಲಿಯೇ ಅಡಗಿಸುವ ಉಪಾಯವನ್ನು ಮಾಡಿದನು. ೧೯೦೪ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿಯೂ ಅವನ ಸಹೋದ್ಯೋಗಿಗಳೂ ಕಾರ್ನ್‌ವಾಲಿನ ಗಣಿಗಾರರ ಆರೋಗ್ಯವನ್ನು ಕುರಿತು ವರದಿಯನ್ನೊಪ್ಪಿಸಿ, ಶ್ವಾಸಕೋಶದ ರೋಗದಿಂದ ಅಕಾಲದಲ್ಲಿ ಸಾಯುತ್ತಿದ್ದವರಲ್ಲಿ ಕೊರೆಯಂತ್ರವನ್ನು ನಡೆಸಿದವರೇ, ಅದರಲ್ಲಿಯೂ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿಗೆ ಹೋಗಿ ಬಂದವರೇ, ಎದ್ದುಕಾಣುತ್ತಾರೆಂದೂ ಕಲ್ಲಿನ ಧೂಳೇ ಇದಕ್ಕೆ ಕಾರಣವೆಂದೂ ತೋರಿಸಿಕೊಟ್ಟರು. ದಕ್ಷಿಣ ಆಫ್ರಿಕದಲ್ಲಿ ೧೯೧೨ರ ವೇಳೆಗೆ ಈ ರೋಗಕ್ಕೆ ಪರಿಹಾರ ಕೊಡುವ ಕಾನೂನು ಬಂದಿತು. ಬಿಳಿಯನಿಗೂ ಕರಿಯನಿಗೂ ಅದು ಸಮನಾಗಿ ಸಲ್ಲಲಿಲ್ಲವೆಂಬುದು ಬೇರೆಯ ಮಾತು.

ಕೋಲಾರದ ಸ್ಥಿತಿಯೇನು? ಮೈಸೂರು ಸಂಸ್ಥಾನದ ಸಿಲಿಕೋಸಿಸ್ ನಿಯಮಗಳು ಜಾರಿಗೆ ಬಂದುದು ೧೯೪೦ರಲ್ಲಿ. ಕಾರ್ನ್‌ವಾಲಿನ ವರದಿಗೂ ಇದಕ್ಕೂ ೩೬ ವರ್ಷಗಳ ಅಂತರ. ೧೯೪೦ರ ದಶಕದಲ್ಲಿ ಕೋಲಾರದ ಗಣಿಗಳ ಏಳು ಸಾವಿರದ ಆರುನೂರಕ್ಕೂ ಹೆಚ್ಚು ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿದಾಗ ಶೇಕಡ ೪೦ಕ್ಕೂ ಹೆಚ್ಚು ಮಂದಿಯಲ್ಲಿ ರೋಗದ ಚಿಹ್ನೆಗಳು ಕಂಡುಬಂದುವು. ಐದು ಮಂದಿಯಲ್ಲಿ ಇಬ್ಬರು! ರೋಗವು ಆ ದಶಕದಲ್ಲಿ ಹುಟ್ಟಿದುದಲ್ಲ. ಎಣಿಸಿದುದು ಆ ದಶಕದಲ್ಲಿ.

ಕಾರ್ನ್‌ವಾಲಿನಿಂದ ಯಂತ್ರವೂ ಮೇಲ್ವಿಚಾರಕನೂ ಕೋಲಾರಕ್ಕೆ ಬಂದಿರಲಾಗಿ ಅವರ ಹಿಂದೆಯೇ ಈ ಜ್ಞಾನವೂ ಏಕೆ ಬರಲಿಲ್ಲ? ಇದಕ್ಕೆ ಮೂರು ಕಾರಣಗಳನ್ನು ಊಹಿಸಬಹುದು. ಮೊದಲನೆಯದಾಗಿ, ೧೯೦೧ರ ಇಂಡಿಯಾ ಗಣಿ ಕಾನೂನು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುತ್ತಿದ್ದು, ಮೈಸೂರು ತನ್ನದೇ ಕಾನೂನಿಗೆ ಒಳಪಟ್ಟಿದ್ದಿತು. ಚಿನ್ನದ ಉತ್ಪನ್ನದ ಮೇಲೆ ರಾಜಧನವನ್ನು ಪಡೆಯುತ್ತಿದ್ದ ಸರ್ಕಾರವೇ ಗಣಿಯನ್ನು ತಪಾಸಣೆ ಮಾಡುವ ಸರ್ಕಾರವೂ ಆಗಿದ್ದಿತು. ಎರಡನೆಯದಾಗಿ, ಕೂಲಿಯವನು ಗುತ್ತಿಗೆದಾರನ ಮೂಲಕ ಬಂದವನು. ದಮ್ಮು ಹತ್ತಿ ಕೈಲಾಗದೆ ಹೋದಾಗ ಅವನು ತನ್ನ ಊರಿಗೆ ಹಿಂದಿರುಗಿದರೆ, ಅವನ ಸಾವು ಗಣಿಯ ಲೆಕ್ಕದಲ್ಲಿ ಸೇರದೆ ಹಳ್ಳಿಯ ಲೆಕ್ಕದಲ್ಲಿ ಸೇರುತ್ತಿದ್ದಿತು; ಅಲ್ಲಿ ಅದಕ್ಕೆ ಕ್ಷಯವೆಂದೋ ಕೆಮ್ಮೆಂದೋ ಹೆಸರು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು : ಅಪಘಾತಕ್ಕೆ ತಾರೀಖು ಉಂಟು, ರೋಗಕ್ಕೆ ತಾರೀಖು ಇಲ್ಲ.

೪

ಈ ಮೂರನೆಯ ಕಾರಣವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಕೋಲಾರದ ಗಣಿಗಳಲ್ಲಿ ಭಯಂಕರವಾಗಿದ್ದುದು ಬಂಡೆ ಸಿಡಿತ. ಆಳದಲ್ಲಿ ಮೇಲಿನ ಭೂಭಾರದಿಂದ ಒತ್ತಡಕ್ಕೆ ಸಿಕ್ಕಿದ ಬಂಡೆಯು, ಪಕ್ಕದ ಅದಿರನ್ನು ತೆಗೆದೊಡನೆ, ಒಮ್ಮೆಗೇ ಸಿಡಿದು ಸುರಂಗವನ್ನು ಮುಚ್ಚಿಬಿಡುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೇ ಇದು ಅನುಭವಕ್ಕೆ ಬಂದಿದ್ದಿತು. ಇಂತಹ ಸಿಡಿತವಾದಾಗ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದುವು. ಊರಿಗೆ ಊರೇ ಗಣಿಯ ಬಾಯಿಗೆ ಓಡುತ್ತಿದ್ದಿತು. ಆದ್ದರಿಂದ ಅದನ್ನು ಕುರಿತು ಶಾಸ್ತ್ರೀಯ ಸಂಶೋಧನೆಯೂ ಬೆಳೆಯಿತು. ೧೯೮೮ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು ಇದೇ ಊರಿನಲ್ಲಿ ಸ್ಥಾಪಿತವಾಯಿತು. ಇದು ಶ್ಲಾಘ್ಯವೇ ಸರಿ. ಆದರೆ ಸದ್ದು ಮಾಡಿ ಕೊಲ್ಲುವ ಅಪಾಯಕ್ಕೆ ದೊರೆತ ಗಮನವು ಸದ್ದಿಲ್ಲದೆ ಕೊಲ್ಲುವ ಧೂಳಿಗೆ ದೊರೆಯಲು ಬಹುಕಾಲ ಕಾಯಬೇಕಾಯಿತು.

ಧೂಳಿಗಿಂತಲೂ ಹೆಚ್ಚು ಮರೆಯಲ್ಲಿ ಉಳಿದುದು ಕೈಗೆ ತಗಲುವ ಕಂಪನ. ೧೯೧೧ರಲ್ಲಿ ಇಟಲಿಯ ಲೋರಿಗ ಎಂಬ ವೈದ್ಯನು ಗಾಳಿಯಂತ್ರ ಹಿಡಿದವರ ಬೆರಳುಗಳಲ್ಲಿ ರಕ್ತಸಂಚಾರವು ಕುಂದುವುದನ್ನು ವರ್ಣಿಸಿದನು. ೧೯೧೮ರಲ್ಲಿ ಅಮೆರಿಕೆಯ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನ ಪ್ರಾಂತದ ಸುಣ್ಣಕಲ್ಲಿನ ಕೆಲಸಗಾರರನ್ನು ಪರೀಕ್ಷಿಸಿ, ಚಳಿಯ ಬೆಳಗಿನಲ್ಲಿ ಅವರ ಬೆರಳುಗಳು ಬಿಳಚಿಕೊಂಡು ಮರಗಟ್ಟುವುದನ್ನು ದಾಖಲಿಸಿದಳು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬೆರಳು ಬಿಳಚುವುದು ಚಳಿಯಲ್ಲಿ. ಕೋಲಾರದ ಆಳದ ಗಣಿಗಳಲ್ಲಿ ಬಂಡೆಯ ಉಷ್ಣತೆಯೇ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿದ್ದಿತು. ಗಾಳಿಯನ್ನು ತಣಿಸಿ ಒಳಕ್ಕೆ ಕಳುಹಿಸದೆ ಅಲ್ಲಿ ದುಡಿಯುವುದೇ ಅಸಾಧ್ಯವಾಗಿದ್ದಿತು. ಅಂತಹ ಸೆಕೆಯಲ್ಲಿ ಬೆರಳಿನ ನರಗಳು ಸವೆದು ಸ್ಪರ್ಶಜ್ಞಾನ ಕುಂದಿದರೂ, ಬಿಳಚಿಕೆಯೆಂಬ ಕಣ್ಣಿಗೆ ಕಾಣುವ ಗುರುತು ಸುಲಭವಾಗಿ ಮೂಡುವುದಿಲ್ಲ. ಶೀತದೇಶದ ವೈದ್ಯರು ಬರೆದಿಟ್ಟ ಲಕ್ಷಣವನ್ನೇ ಹುಡುಕಿದವನಿಗೆ ಇಲ್ಲಿ ರೋಗವೇ ಇಲ್ಲವೆಂದು ತೋರುವುದು ಸಹಜ.

ಬೆರಳಿನ ವಿಷಯದಲ್ಲಿ ಇನ್ನೊಂದು ಘಟನೆಯೂ ಸ್ಮರಣೀಯವಾಗಿದೆ. ೧೯೩೦ರಲ್ಲಿ ಗಣಿಯ ಕೆಲಸಗಾರರು ಸುಮಾರು ಮೂರು ವಾರ ಮುಷ್ಕರ ಹೂಡಿದರು. ಅದಕ್ಕೆ ಪ್ರಧಾನ ಕಾರಣವೆಂದರೆ ಕಾರ್ಮಿಕರ ಬೆರಳಚ್ಚನ್ನು ತೆಗೆದು ದಾಖಲೆಯಲ್ಲಿಡುವ ಹೊಸ ವ್ಯವಸ್ಥೆ. ತಮ್ಮನ್ನು ಕಳ್ಳರಂತೆ ಕಾಣುತ್ತಿದ್ದಾರೆಂದು ಅವರಿಗೆ ಅದು ಅಪಮಾನಕರವಾಗಿ ತೋರಿತು. ಕೂಲಿಯವನ ಬೆರಳಿನ ಗುರುತು ಬೇಕಾಗಿದ್ದ ಆಡಳಿತಕ್ಕೆ ಅದೇ ಬೆರಳಿನ ಆರೋಗ್ಯವು ದಾಖಲಿಸತಕ್ಕ ವಿಷಯವಾಗಿ ತೋರಲಿಲ್ಲವೆಂಬುದು ಚರಿತ್ರೆಯ ವಿದ್ಯಾರ್ಥಿಗೆ ವಿಚಾರಾರ್ಹವಾದ ಸಂಗತಿ.

೫

ಸ್ವಾತಂತ್ರ್ಯಾನಂತರ ೧೯೫೨ರ ಗಣಿ ಕಾನೂನು ದೇಶಕ್ಕೆಲ್ಲ ಅನ್ವಯಿಸಿತು. ಸಿಲಿಕೋಸಿಸ್ ರೋಗವನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂದಾಯಿತು. ಕೋಲಾರದ ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರಕ್ಕೂ ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯ ಅಧೀನಕ್ಕೆ ಬಂದು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿಹೋದುವು. ಗಣಿ ಮುಚ್ಚಿತು, ಆದರೆ ಶ್ವಾಸಕೋಶದಲ್ಲಿ ಕುಳಿತ ಧೂಳು ಮುಚ್ಚುವ ಆಜ್ಞೆಗೆ ಕಿವಿಗೊಡುವುದಿಲ್ಲ. ಹತ್ತು ಇಪ್ಪತ್ತು ವರ್ಷಗಳ ಅನಂತರ ತಲೆದೋರುವ ರೋಗಕ್ಕೆ ಇಲ್ಲದ ಧಣಿಯಿಂದ ಪರಿಹಾರವನ್ನು ಕೇಳುವುದು ಹೇಗೆ?

ಇದೇ ಊರಿನಲ್ಲಿ ಇನ್ನೊಂದು ಅಧ್ಯಾಯವೂ ತೆರೆದಿದೆ. ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಬುಲ್‌ಡೋಜರ್ ಮೊದಲಾದ ದೈತ್ಯಯಂತ್ರಗಳನ್ನು ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿಯೇ ನಿರ್ಮಿಸತೊಡಗಿತು. ತೆರೆದ ಗಣಿಗಳಲ್ಲಿ ಇಂತಹ ಯಂತ್ರಗಳನ್ನು ನಡೆಸುವವನು ನಿಂತು ದುಡಿಯುವುದಿಲ್ಲ, ಕುಳಿತು ದುಡಿಯುತ್ತಾನೆ. ನೋಡುವವರಿಗೆ ಇದು ಸುಖದ ಕೆಲಸವೆಂದು ತೋರಬಹುದು. ಆದರೆ ಹಳ್ಳತಿಟ್ಟಿನ ದಾರಿಯಲ್ಲಿ ದಿನವೆಲ್ಲ ಓಡುವ ಡಂಪರಿನ ಕುಲುಕಾಟವು ಆಸನದ ಮೂಲಕ ಬೆನ್ನುಮೂಳೆಗೆ ಇಳಿಯುತ್ತದೆ. ಹಿಂದಕ್ಕೆ ನಡೆಸುವಾಗ ಕತ್ತನ್ನೂ ಸೊಂಟವನ್ನೂ ತಿರುಚಿ ಕೂರಬೇಕಾಗುತ್ತದೆ. ಯಂತ್ರದ ಗದ್ದಲವು ಕಿವಿಯನ್ನು ಮೆಲ್ಲಮೆಲ್ಲನೆ ಮಂದವಾಗಿಸುತ್ತದೆ. ಕೆಲಸವನ್ನು ಕೆಲಸಗಾರನ ದೇಹಕ್ಕೆ ಹೊಂದಿಸುವ ಎರ್ಗಾನಾಮಿಕ್ಸ್ ಎಂಬ ಶಾಸ್ತ್ರವು ೧೯೪೯ರಿಂದೀಚೆಗೆ ಆ ಹೆಸರಿನಿಂದ ಬೆಳೆದುಬಂದಿದೆ. ಐರೋಪ್ಯ ಒಕ್ಕೂಟವು ೨೦೦೨ರಲ್ಲಿ ಹೊರಡಿಸಿದ ನಿರ್ದೇಶದಲ್ಲಿ, ಎಂಟು ಗಂಟೆಗಳ ಕೆಲಸದಲ್ಲಿ ಇಡೀ ದೇಹಕ್ಕೆ ತಗಲುವ ಕಂಪನವು ಸೆಕೆಂಡಿನ ವರ್ಗಕ್ಕೆ ೦.೫ ಮೀಟರನ್ನು ಮುಟ್ಟಿದೊಡನೆ ಧಣಿಯು ಕ್ರಮ ಕೈಗೊಳ್ಳಬೇಕೆಂದೂ ೧.೧೫ ಮೀಟರನ್ನು ಎಂದಿಗೂ ಮೀರಕೂಡದೆಂದೂ ವಿಧಿಸಲಾಗಿದೆ. ಗಮನಿಸತಕ್ಕ ಅಂಶವೆಂದರೆ, ಈ ಕಂಪನವನ್ನು ತಗ್ಗಿಸುವುದು ಆಸನವೊಂದರಿಂದಲೇ ಆಗುವ ಕೆಲಸವಲ್ಲ. ಗಣಿಯ ದಾರಿಯನ್ನು ಸಮಮಾಡಿಸುವುದು, ವೇಗಕ್ಕೆ ಮಿತಿಯನ್ನಿಡುವುದು, ಸಾಗಿಸಿದ ಸುತ್ತುಗಳ ಲೆಕ್ಕದ ಮೇಲೆ ಸಂಬಳವನ್ನು ಕಟ್ಟದಿರುವುದು, ಇವು ಆಡಳಿತದ ಕೈಯಲ್ಲಿರುವ ಉಪಾಯಗಳು. ಚಾಲಕನಿಗೆ ಎಚ್ಚರಿಕೆಯಿಂದಿರೆಂದು ಉಪದೇಶಿಸುವುದರಿಂದ ದಾರಿಯ ಹಳ್ಳಗಳು ಮುಚ್ಚುವುದಿಲ್ಲ.

೬

ಮೇಲಿನ ವಿವೇಚನೆಯಿಂದ ಫಲಿಸುವ ಅಭಿಪ್ರಾಯವಿಷ್ಟು. ಯಂತ್ರವು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಶೀಘ್ರವಾಗಿ ಸಾಗುತ್ತದೆ. ಅದರ ಅಪಾಯವನ್ನು ಕುರಿತ ಜ್ಞಾನವು ಬಹು ನಿಧಾನವಾಗಿ ಸಾಗುತ್ತದೆ. ಆ ಜ್ಞಾನವು ಸಾಗುವ ವೇಗವನ್ನು ನಿಶ್ಚಯಿಸುವುದು ಶಾಸ್ತ್ರದ ಪ್ರಗತಿಗಿಂತಲೂ ಮಿಗಿಲಾಗಿ, ಯಾರ ದೇಹವನ್ನು ಎಣಿಸಲು ಯೋಗ್ಯವೆಂದು ಸಮಾಜವು ಭಾವಿಸುತ್ತದೆಂಬುದು. ೧೯೬೫ರಲ್ಲಿ ಇದೇ ಕೋಲಾರದ ಗಣಿಯ ಆಳದಲ್ಲಿ ವಿಜ್ಞಾನಿಗಳು, ಭೂಮಿಯನ್ನೇ ಹಾಯ್ದು ಹೋಗಬಲ್ಲ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಸುಳಿವನ್ನು ಹಿಡಿದರು. ಅಷ್ಟು ಸೂಕ್ಷ್ಮವಾದುದನ್ನು ಹಿಡಿದ ಸ್ಥಳದಲ್ಲಿ, ಅದಕ್ಕಿಂತ ಎಷ್ಟೋ ದೊಡ್ಡದಾದ ಕಲ್ಲಿನ ಕಣವು ಅರ್ಧ ಶತಮಾನದಷ್ಟು ಕಾಲ ಲೆಕ್ಕಕ್ಕೆ ಬಾರದೆ ಉಳಿದಿದ್ದಿತೆಂಬುದನ್ನು ನಾವು ಮರೆಯಲಾಗದು.

ಆದಕಾರಣ, ಗಣಿಗಳ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಉತ್ಪನ್ನದ ಅಂಕಿಗಳನ್ನು ಓದುವಷ್ಟೇ ಶ್ರದ್ಧೆಯಿಂದ ಆಸ್ಪತ್ರೆಯ ದಾಖಲೆಗಳನ್ನೂ ಪರಿಹಾರದ ಕಾಗದಪತ್ರಗಳನ್ನೂ ಓದಬೇಕು. ಕೊರೆಯಂತ್ರವನ್ನು ಹಿಡಿದು ದುಡಿದ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಮಾತನ್ನು ಅವರದೇ ಭಾಷೆಯಲ್ಲಿ, ಹೆಚ್ಚಾಗಿ ತಮಿಳಿನಲ್ಲಿ, ಕೇಳಿ ಬರೆದಿಡಬೇಕು. ಸೈನೈಡ್ ದಿಬ್ಬಗಳು ಇನ್ನೂ ಬಹುಕಾಲ ನಿಂತಿರುವುವು. ಅವನ್ನು ಎತ್ತರಕ್ಕೆ ಬೆಳೆಸಿದವರ ಉಸಿರು ಅಷ್ಟು ಕಾಲ ನಿಲ್ಲುವಂತಹುದಲ್ಲ.