ತಂತಿಯ ಮೇಲೆ ಕನ್ನಡ ಲಿಪಿ: ಫ್ಯಾಕ್ಸ್ ಮೋಡೆಮೂ ಧಾರವಾಡದ ಗ್ರಾಮಾಂತರ ದೂರವಾಣಿಯೂ

ಕನ್ನಡ ಲಿಪಿಯ ಚರಿತ್ರೆಯನ್ನು ಬರೆದ ವಿದ್ವಾಂಸರು ಶಿಲಾಶಾಸನದಿಂದ ತೊಡಗಿ ತಾಮ್ರಪಟ, ಓಲೆಗರಿ, ಕಡತಗಳನ್ನು ದಾಟಿ ಅಚ್ಚಿನ ಮೊಳೆಯವರೆಗೆ ಬಂದು ನಿಲ್ಲುವುದು ವಾಡಿಕೆ. ಅಲ್ಲಿಂದ ಒಮ್ಮೆಲೇ ಗಣಕಯಂತ್ರದ ತೆರೆಯ ಮೇಲಣ ಅಕ್ಷರಕ್ಕೆ ಹಾರುವವರೂ ಉಂಟು. ಇವೆರಡರ ನಡುವೆ, ಬರೆದ ಹಾಳೆಯು ಅಂಚೆಯ ಚೀಲದಲ್ಲಿ ಹೋಗದೆ ದೂರವಾಣಿಯ ತಂತಿಯಲ್ಲಿ ನಾದರೂಪವಾಗಿ ಹೋದ ಕಾಲವೊಂದಿದ್ದಿತು. ಆ ಕಾಲವು ಚಿಕ್ಕದು. ಸ್ಥೂಲವಾಗಿ ಹೇಳುವುದಾದರೆ 20ನೆಯ ಶತಮಾನದ ಕೊನೆಯ ದಶಕವೂ ಅದರ ಮುಂದಿನ ಕೆಲವು ವರ್ಷಗಳೂ. ಅದರ ಕುರುಹುಗಳು ಬೇಗ ಬೇಗನೆ ಅಳಿಯುತ್ತಿರುವುದರಿಂದ, ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಅದನ್ನು ಪರಿಶೀಲಿಸುವುದು ಯುಕ್ತವಾಗಿದೆ.

ಮೊದಲಿಗೆ ತಂತಿಯ ವಿಚಾರ. ಮೋರ್ಸ್ ಸಂಕೇತವು ರೋಮನ್ ಅಕ್ಷರಮಾಲೆಗಾಗಿ ಹುಟ್ಟಿದುದು. ಭಾರತದಲ್ಲಿ ದೇವನಾಗರಿಯ ತಂತಿಗಳು 1949ರಲ್ಲಿ ಮೊದಲಾದುವು. ಕನ್ನಡಿಗನಾದರೋ ತನ್ನ ಮನೆಯ ಸಾವು ನೋವುಗಳನ್ನೂ ಸಾಮಾನ್ಯವಾಗಿ ಇಂಗ್ಲಿಷಿನ ನಾಲ್ಕು ಶಬ್ದಗಳಲ್ಲಿಯೇ ಬರೆಯಿಸುತ್ತಿದ್ದನು. ಪತ್ರಿಕೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. 1980ರ ಜುಲೈ 21ರಂದು ನವಲಗುಂದದಲ್ಲಿ ರೈತರ ಚಳವಳಿಯು ಗೋಲಿಬಾರಿಗೆ ಗುರಿಯಾದ ಕಾಲದಲ್ಲಿಯೂ, ದೊಡ್ಡ ಸುದ್ದಿಸಂಸ್ಥೆಗಳ ವಾರ್ತೆಯು ಇಂಗ್ಲಿಷಿನಲ್ಲಿ ತಂತಿಯನ್ನೇರಿ, ಕನ್ನಡ ಪತ್ರಿಕೆಯ ಕಚೇರಿಯಲ್ಲಿ ಮರಳಿ ಕನ್ನಡವಾಗುವುದು ರೂಢಿಯಾಗಿದ್ದಿತು. ಕನ್ನಡನಾಡಿನಲ್ಲಿ ನಡೆದುದು ಕನ್ನಡ ಓದುಗನನ್ನು ತಲುಪಲು ಪರಭಾಷೆಯ ಹೊಸ್ತಿಲನ್ನು ಎರಡು ಸಲ ದಾಟಬೇಕಾಗಿದ್ದಿತು.

ಫ್ಯಾಕ್ಸ್ ಎಂಬುದು ಈ ತೊಡಕನ್ನು ಪರಿಹರಿಸಿತೆನ್ನುವುದಕ್ಕಿಂತ, ಅದರ ಪಕ್ಕದಿಂದ ಹಾದುಹೋಯಿತೆನ್ನುವುದು ಸರಿ. ಅದಕ್ಕೆ ಅಕ್ಷರವೆಂದರೇನೆಂಬುದೇ ತಿಳಿಯದು. ಹಾಳೆಯ ಮೇಲಣ ಕಪ್ಪು ಬಿಳಿಗಳಷ್ಟೇ ಅದಕ್ಕೆ ಗೋಚರ. ಕಲ್ಪನೆಯೇನೋ ಹಳೆಯದು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ಎಂಬಾತನು 1843ರಲ್ಲಿಯೇ, ದೂರವಾಣಿಗಿಂತ ಮೂರು ದಶಕ ಮೊದಲೇ, ಇದಕ್ಕೆ ಹಕ್ಕುಪತ್ರ ಪಡೆದನು. 1865ರಲ್ಲಿ ಇಟಲಿಯ ಕಸೆಲಿಯ ಯಂತ್ರವು ಪ್ಯಾರಿಸ್ ಮತ್ತು ಲಿಯೋನ್ ನಗರಗಳ ನಡುವೆ ಸಾರ್ವಜನಿಕರ ಹಸ್ತಾಕ್ಷರಗಳನ್ನು ಸಾಗಿಸಿತು. ಆದರೆ ಅದನ್ನು ಮನೆಮಾತಾಗಿಸಿದ ಕೀರ್ತಿಯು ಜಪಾನೀಯರದು. ಸಾವಿರಾರು ಚಿತ್ರಾಕ್ಷರಗಳುಳ್ಳ ಅವರ ಲಿಪಿಯು ಬೆರಳಚ್ಚು ಯಂತ್ರಕ್ಕೂ ತಂತಿಗೂ ಒಗ್ಗದೆ ಹೋದುದೇ ಇದಕ್ಕೆ ಮುಖ್ಯ ಕಾರಣ. ಕನ್ನಡಕ್ಕೆ ಒದಗಿದ ಪ್ರಯೋಜನವೂ ಅದೇ ಬಗೆಯದು, ಪ್ರಮಾಣವು ಚಿಕ್ಕದಾದರೂ.

ಇಷ್ಟಾದರೂ ತಂತಿಯೇ ಚೆನ್ನಾಗಿಲ್ಲದಿದ್ದರೆ ಫ್ಯಾಕ್ಸ್ ನಿರರ್ಥಕ. ಇಲ್ಲಿಯೇ ಧಾರವಾಡದ ಸೀಮೆಯು ಚರಿತ್ರೆಯೊಳಕ್ಕೆ ಬರುತ್ತದೆ. 1984ರ ಆಗಸ್ಟಿನಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದೇ ನಿರ್ಮಿಸಿದ 128 ದ್ವಾರಗಳ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ಮೊದಲು ನೆಲೆಗೊಳಿಸಿದುದು 1986ರ ಜುಲೈ ತಿಂಗಳಲ್ಲಿ, ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಾದ ಆ ಕಿತ್ತೂರು ಬೆಳಗಾವಿ ಜಿಲ್ಲೆಗೆ ಸೇರಿದುದಾದರೂ ಧಾರವಾಡದಿಂದ ಸುಮಾರು 30 ಕಿಲೋಮೀಟರು ಮಾತ್ರ. ಪರದೇಶದ ವಿನಿಮಯ ಯಂತ್ರಗಳಿಗೆ ತಂಪು ಹವೆಯ ಕೋಣೆಯೂ ಧೂಳಿಲ್ಲದ ಗಾಳಿಯೂ ಬೇಕಾಗಿದ್ದುವು. ಸಿ-ಡಾಟಿನ ಯಂತ್ರವು ಬೇಸಗೆಯ ಸೆಕೆಯನ್ನೂ ಧೂಳನ್ನೂ ಸಹಿಸಿಕೊಂಡು ನಡೆಯತಕ್ಕದ್ದಾಗಿದ್ದಿತು. ಈ ಸಾಧನೆಯನ್ನು ದೆಹಲಿಯ ರಾಜಕಾರಣದ ಒಂದು ಅಧ್ಯಾಯವೆಂದಷ್ಟೇ ಎಣಿಸುವವರುಂಟು. ಆ ಎಣಿಕೆಯು ಸಮರ್ಪಕವಲ್ಲ. ಹಳೆಯ ಸ್ಟ್ರೌಜರ್ ಯಂತ್ರಗಳಲ್ಲಿ ಲೋಹದ ತುಂಡುಗಳು ಒಂದಕ್ಕೊಂದು ಬಡಿದು ಸಂಪರ್ಕವಾಗುತ್ತಿದ್ದುದರಿಂದ ತಂತಿಯಲ್ಲಿ ಚಟಪಟ ಸದ್ದು ತಪ್ಪದು. ಮನುಷ್ಯನ ಕಿವಿ ಅದನ್ನು ಕ್ಷಮಿಸುತ್ತದೆ, ಮೋಡೆಮ್ ಕ್ಷಮಿಸದು. ಅಂಕೀಯ ವಿನಿಮಯ ಕೇಂದ್ರಗಳು ಬಂದ ಮೇಲೆಯೇ ಹಳ್ಳಿಯ ದೂರವಾಣಿಯು ಮಾತನ್ನಲ್ಲದೆ ಬರಹವನ್ನೂ ನೆಚ್ಚಿಕೆಯಿಂದ ಹೊರಲು ಸಮರ್ಥವಾಯಿತು.

ಕೇಂದ್ರದಿಂದ ಮನೆಯವರೆಗಿನ ತಾಮ್ರದ ಜೋಡಿಯ ಮಾತು ಬೇರೆ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯು ಬೇಸಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುವಂಥದು. ಅದರಲ್ಲಿ ಹೂತ ಯಾವ ವಸ್ತುವಿಗೂ ನೆಮ್ಮದಿಯಿಲ್ಲ. ಕಲಘಟಗಿಯು ಮಲೆನಾಡಿನ ಸೆರಗು. ಅಲ್ಲಿ ಮಳೆಯೂ ಮರದ ಕೊಂಬೆಗಳೂ ಸಿಡಿಲೂ ತಂತಿಗೆ ವೈರಿಗಳು. ಸಿಡಿಲಿನ ಆಘಾತವು ತಂತಿಯ ಮೂಲಕ ಬಂದರೆ ಮೊದಲು ಸಾಯುವುದು ಮೋಡೆಮ್. ಮುಂಗಾರಿನ ಗುಡುಗು ಕೇಳಿದೊಡನೆ ತಂತಿಯನ್ನು ಗೋಡೆಯ ಪೆಟ್ಟಿಗೆಯಿಂದ ಕಿತ್ತಿಡುವುದೊಂದೇ ಅದಕ್ಕೆ ನಿಶ್ಚಿತವಾದ ರಕ್ಷೆ.

ಇನ್ನು ಯಂತ್ರದ ಸ್ವರೂಪ. ದೂರವಾಣಿಯು ಮನುಷ್ಯಕಂಠಕ್ಕಾಗಿ ಮಾಡಿದುದು. 300ರಿಂದ 3400 ಹರ್ಟ್ಸಿನವರೆಗಿನ ನಾದ ಮಾತ್ರ ಅದರಲ್ಲಿ ಸಾಗುತ್ತದೆ. ಗಣಕದ ಸೊನ್ನೆ ಒಂದುಗಳನ್ನು ಈ ಮೇರೆಯೊಳಗಿನ ನಾದವಾಗಿ ಮಾರ್ಪಡಿಸಿ, ಆಚೆಯ ತುದಿಯಲ್ಲಿ ಮತ್ತೆ ಸೊನ್ನೆ ಒಂದುಗಳಾಗಿಸುವುದೇ ಮೋಡೆಮಿನ ಕೆಲಸ. ಫ್ಯಾಕ್ಸ್ ಕಳುಹಿಸುವ ಯಂತ್ರವು 1100 ಹರ್ಟ್ಸಿನ ನಾದವನ್ನು ಅರ್ಧ ಸೆಕೆಂಡಿನಂತೆ ಮೂರು ಸೆಕೆಂಡುಗಳ ಬಿಡುವಿಟ್ಟು ಮತ್ತೆ ಮತ್ತೆ ಹೊರಡಿಸಿ ತನ್ನ ಕುಲವನ್ನು ಅರುಹುತ್ತದೆ. ಸ್ವೀಕರಿಸುವ ಯಂತ್ರವು 2100 ಹರ್ಟ್ಸಿನಿಂದ ಓಗೊಡುತ್ತದೆ. ಬಳಿಕ ಸೆಕೆಂಡಿಗೆ 300 ಬಿಟ್ಟುಗಳ ನಿಧಾನಗತಿಯಲ್ಲಿ ಎರಡೂ ತಮ್ಮ ಶಕ್ತಿಗಳನ್ನು ತಿಳಿಸಿಕೊಂಡು, 9600 ಅಥವಾ 14400ರ ವೇಗಕ್ಕೆ ಒಡಂಬಟ್ಟು, ಹಾಳೆಯನ್ನು ಸಾಗಿಸುತ್ತವೆ. ತಂತಿ ಕೆಟ್ಟಿದ್ದರೆ 4800ಕ್ಕೋ 2400ಕ್ಕೋ ಇಳಿಯುತ್ತವೆ. ಕಲಹವಿಲ್ಲದ ಇಂಥ ಒಡಂಬಡಿಕೆಯು ಮನುಷ್ಯರ ಪತ್ರವ್ಯವಹಾರದಲ್ಲಿ ಅಪರೂಪವೆಂದರೆ ತಪ್ಪಾಗದು.

ಇಂಥ ಯಂತ್ರವನ್ನು ಗಣಕದೊಳಗೆ ಕೂಡಿಸುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಗಣಕಕ್ಕೆ ನಾಲ್ಕು ಸರಣಿದ್ವಾರಗಳಿಗೆ ಹೆಸರುಗಳಿದ್ದರೂ, ಅವು ಮೇಲ್ವಿಚಾರಕನನ್ನು ಕರೆಯುವ ಗಂಟೆಗಳು ಎರಡೇ: ಒಂದನೆಯದೂ ಮೂರನೆಯದೂ 4ನೆಯ ಗಂಟೆಯನ್ನು ಹಂಚಿಕೊಂಡರೆ, ಎರಡನೆಯದೂ ನಾಲ್ಕನೆಯದೂ 3ನೆಯದನ್ನು. ಒಂದನೆಯ ದ್ವಾರದಲ್ಲಿ ಮೌಸನ್ನಿಟ್ಟು ಮೂರನೆಯದರಲ್ಲಿ ಮೋಡೆಮನ್ನು ನೆಲೆಗೊಳಿಸಿದರೆ, ಮೌಸು ಅಲುಗಿದ ಕ್ಷಣವೇ ಫ್ಯಾಕ್ಸ್ ಕಡಿಯುವ ಸಂಭವವುಂಟು. ಮೋಡೆಮಿನ ಹಲಗೆಯ ಮೇಲಣ ಕಿರಿದಾದ ಜಂಪರುಗಳನ್ನು ಕಿತ್ತು ಬೇರೆ ಕಡ್ಡಿಗಳಿಗೆ ತೊಡಿಸಿ ಈ ಘರ್ಷಣೆಯನ್ನು ತಪ್ಪಿಸಬೇಕಾಗಿದ್ದಿತು. ಫ್ಯಾಕ್ಸಿನ ವಿಧಿಗಳಲ್ಲಿಯೂ ಭೇದವಿದ್ದಿತು. ಮೊದಲ ವರ್ಗದ ಮೋಡೆಮುಗಳಲ್ಲಿ ಸಂಭಾಷಣೆಯ ಭಾರವೆಲ್ಲ ಗಣಕದ ಮೇಲೆಯೇ. ಗಣಕವು ಬೇರೆ ಕೆಲಸದಲ್ಲಿ ತೊಡಗಿ ಅರೆಗಳಿಗೆ ತಡಮಾಡಿದರೆ ಆಚೆಯವನು ಕರೆಯನ್ನು ಕೈಬಿಡುವನು. ಎರಡನೆಯ ವರ್ಗದವು ಆ ಭಾರದ ಬಹುಪಾಲನ್ನು ತಾವೇ ಹೊರುತ್ತಿದ್ದುವು. ಮಂದಗತಿಯ ಹಳೆಯ ಗಣಕಗಳಿದ್ದಲ್ಲಿ ಎರಡನೆಯವೇ ಲೇಸು.

ಬಳಿಕ ಡಯಲ್ ಮಾಡುವ ಸಮಸ್ಯೆ. ಮೋಡೆಮಿಗೆ ಆಜ್ಞೆಮಾಡುವ ಪರಿಭಾಷೆಯನ್ನು ಅಮೆರಿಕದ ಹೇಯ್ಸ್ ಎಂಬ ಸಂಸ್ಥೆಯು 1981ರಲ್ಲಿ ರೂಪಿಸಿತು. ಪ್ರತಿ ಆಜ್ಞೆಯೂ ‘ಎಟಿ’ ಎಂದು, ಎಂದರೆ ಗಮನವಿಡೆಂಬ ಇಂಗ್ಲಿಷ್ ಶಬ್ದದ ಮೊದಲೆರಡು ಅಕ್ಷರಗಳಿಂದ, ತೊಡಗುತ್ತದೆ. ಅಮೆರಿಕದ ಡಯಲ್ ಟೋನು 350 ಮತ್ತು 440 ಹರ್ಟ್ಸಿನ ಎರಡು ಸ್ವರಗಳ ಕೂಟ. ಭಾರತದ್ದು ಏರಿಳಿತವುಳ್ಳ 400 ಹರ್ಟ್ಸಿನ ಸ್ವರ. ಪರದೇಶದ ಮೋಡೆಮು ಇದನ್ನು ಗುರುತಿಸಲಾರದೆ ‘ಡಯಲ್ ಟೋನ್ ಇಲ್ಲ’ವೆಂದು ಸುಮ್ಮನಾಗುತ್ತಿದ್ದಿತು. ಟೋನಿಗಾಗಿ ಕಾಯಬೇಡವೆಂಬ ‘ಎಕ್ಸ್ 3’ ಆಜ್ಞೆಯನ್ನು ಮುಂಚಿತವಾಗಿ ಕೊಟ್ಟರೆ ಮಾತ್ರ ಅದು ಮುಂದುವರಿಯುವುದು. ಸ್ಟ್ರೌಜರ್ ಕೇಂದ್ರವಿದ್ದಲ್ಲಿ ಸ್ವರದಿಂದಲ್ಲ, ಚಕ್ರ ತಿರುಗಿಸಿದಂತೆ ಮಿಡಿತಗಳಿಂದಲೇ ಡಯಲ್ ಮಾಡಬೇಕು. ಆಗ ‘ಡಿಟಿ’ ಹೋಗಿ ‘ಡಿಪಿ’ ಬರುತ್ತದೆ. ಕೈಯಿಂದ ಜೋಡಿಸುವ ಕೇಂದ್ರವಿದ್ದರೆ ಇದೂ ವ್ಯರ್ಥ. 1995ರಲ್ಲಿ ಬಂದ ವಿಂಡೋಸ್ 95ರಲ್ಲಿ ಆಪರೇಟರನ ನೆರವಿನಿಂದ ಡಯಲ್ ಮಾಡುವೆನೆಂಬ ಒಂದು ಆಯ್ಕೆಯಿದ್ದಿತು. ನಗರದವರು ಎಂದೂ ಮುಟ್ಟದ ಆ ಆಯ್ಕೆಯು ಕೇಂದ್ರದವರನ್ನು ಕೂಗಿ ನಂಬರು ಕೇಳುವ ಊರಿಗೇ ತಕ್ಕುದು.

ಸ್ವಯಂಚಾಲಿತ ಎಸ್‌ಟಿಡಿ ಬಂದಮೇಲೆ ಊರುಗಳಿಗೆ ಅಂಕನಾಮಗಳು ದೊರೆತುವು: ಹುಬ್ಬಳ್ಳಿ ಧಾರವಾಡಗಳಿಗೆ 0836, ಕಲಘಟಗಿಗೆ 08370, ಕುಂದಗೋಳಕ್ಕೆ 08304, ನವಲಗುಂದಕ್ಕೆ 08380. ಹಳದಿಯ ಫಲಕದ ಎಸ್‌ಟಿಡಿ ಅಂಗಡಿಗಳಲ್ಲಿ ಝೆರಾಕ್ಸಿನ ಮಗ್ಗುಲಿಗೆ ‘ಫ್ಯಾಕ್ಸ್’ ಎಂಬ ಶಬ್ದವೂ ಸೇರಿಕೊಂಡಿತು. ಸ್ವಂತ ಗಣಕವಿದ್ದವನಿಗೆ ಇನ್ನೊಂದು ಅನುಕೂಲವೂ ಇದ್ದಿತು. ದೂರದ ಕರೆಗೆ ರಾತ್ರಿ ಕಾಲುದರವಾಗುವವರೆಗೆ ಹಾಳೆಗಳನ್ನು ಕಾದಿರಿಸಿ ಕಳುಹಿಸುವಂತೆ ಯಂತ್ರಕ್ಕೇ ವಿಧಿಸಿಡಬಹುದಾಗಿದ್ದಿತು.

ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು ಅಕ್ಷರದ ಗತಿ. ಫ್ಯಾಕ್ಸಿನ ಸಾಮಾನ್ಯ ಕ್ರಮದಲ್ಲಿ ಮಿಲಿಮೀಟರಿಗೆ 3.85 ಗೆರೆಗಳು. 12 ಪಾಯಿಂಟಿನ ಅಚ್ಚಿನಲ್ಲಿ ಅಕ್ಷರ, ಗುಣಿತ, ಒತ್ತು ಎಲ್ಲಕ್ಕೂ ಸೇರಿ ದೊರೆಯುವುದು 16 ಗೆರೆಗಳಷ್ಟೇ. ರೋಮನ್ ಅಕ್ಷರಕ್ಕೆ ಇದು ಸಾಕು. ದಕಾರ ಧಕಾರಗಳ ಭೇದವು ಒಂದು ಸೀಳಿನಲ್ಲಿ ನಿಂತಿರುವ, ಥಕಾರಕ್ಕೆ ಒಂದು ಚುಕ್ಕೆಯೇ ಪ್ರಾಣವಾಗಿರುವ, ಒತ್ತಕ್ಷರವು ಅಡಿಯಲ್ಲಿ ಮುದುಡಿ ಕುಳಿತಿರುವ ಕನ್ನಡಕ್ಕೆ ಸಾಲದು. ಮಿಲಿಮೀಟರಿಗೆ 7.7 ಗೆರೆಗಳ ಸೂಕ್ಷ್ಮ ಕ್ರಮವನ್ನು ಆರಿಸಿದರೆ ಕನ್ನಡವು ಸ್ಫುಟವಾಗುತ್ತದೆ. ಆದರೆ ಕಾಲವೂ ಹಣವೂ ಹೆಚ್ಚುಕಡಿಮೆ ಇಮ್ಮಡಿ. ಈ ಒಂದು ವಿಷಯದಲ್ಲಿ ಫ್ಯಾಕ್ಸ್ ಮೋಡೆಮು ಅಂಗಡಿಯ ಯಂತ್ರವನ್ನು ಮೀರಿಸಿತು. ಹಾಳೆಯನ್ನು ಓದಿಸುವ ಹಂತವೇ ಇಲ್ಲದೆ, ಅಕ್ಷರದ ಆಕೃತಿಯನ್ನು ನೇರವಾಗಿ ಬಿಂದುಗಳಾಗಿಸುತ್ತಿದ್ದುದರಿಂದ ಸೊಟ್ಟಾಗುವ, ಮಸಿಯಾಗುವ ಭಯವಿರಲಿಲ್ಲ.

ಅದಕ್ಕಿಂತ ಹಿರಿದಾದ ಪ್ರಯೋಜನವು ಬೇರೊಂದಿದ್ದಿತು. 1990ರ ದಶಕದಲ್ಲಿ ಕನ್ನಡದ ಗಣಕಾಕ್ಷರಗಳಿಗೆ ಏಕರೂಪವಿರಲಿಲ್ಲ. ಇಸ್ಕಿ ಸಂಕೇತವು 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಯೂನಿಕೋಡಿನಲ್ಲಿಯೂ ಕನ್ನಡಕ್ಕೆ ಸ್ಥಳವು ದೊರೆಯಿತು. ಬಳಕೆಯಲ್ಲಿ ಮಾತ್ರ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಸಂಕೇತ. ಶ್ರೀಲಿಪಿಯಲ್ಲಿ ಬರೆದುದು ಆಕೃತಿಯಿದ್ದವನಿಗೆ ಅರ್ಥಹೀನ ಚಿಹ್ನೆಗಳ ಸಾಲು. ಮೋಡೆಮಿನಿಂದ ಕಡತವನ್ನು ಕಡತವಾಗಿಯೇ ಕಳುಹಿಸಿದರೆ ಪುಟವೊಂದು 9600ರ ವೇಗದಲ್ಲಿ ನಾಲ್ಕೈದು ಸೆಕೆಂಡಿನಲ್ಲಿ ಮುಟ್ಟುತ್ತಿದ್ದಿತು, ಆದರೆ ಓದಲು ಬರುತ್ತಿರಲಿಲ್ಲ. ಫ್ಯಾಕ್ಸಾಗಿ ಕಳುಹಿಸಿದರೆ ಅದೇ ಪುಟವು ಗೆರೆಗೆ 1728ರಂತೆ ಸುಮಾರು 20 ಲಕ್ಷ ಬಿಂದುಗಳಾಗಿ, ಸಂಕೋಚಗೊಳಿಸಿದರೂ ಅರ್ಧ ನಿಮಿಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿದು ಮುಟ್ಟುವುದು. ಆದರೆ ಯಾರಾದರೂ ಓದಬಹುದು. ಅಕ್ಷರವೆನಿಸುವುದನ್ನು ಬಿಟ್ಟುಕೊಟ್ಟು ಚಿತ್ರವಾದುದರಿಂದಲೇ ಕನ್ನಡವು ಅಂದು ತಂತಿಯ ಮೇಲೆ ಕನ್ನಡವಾಗಿ ಉಳಿಯಿತು. ವಿಂಡೋಸ್ ಎಕ್ಸ್‌ಪಿಯು 2001ರಲ್ಲಿ ಯೂನಿಕೋಡ್ ಕನ್ನಡವನ್ನು ಒಳಗೊಂಡು ಬಂದ ಬಳಿಕವಷ್ಟೇ ಈ ವಿಪರ್ಯಾಸವು ಮೆಲ್ಲಮೆಲ್ಲನೆ ಸಡಿಲವಾಯಿತು.

ಆದರೆ ಆ ಕಾಲದ ಬರಹಗಳೇನಾದುವು? ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆ, ಪಂಪನ ತಾಯಿ, ಎಂಬುದು ತಿಳಿದುಬರುವುದು ತೆಲಂಗಾಣದ ಗಂಗಾಧರಂ ಬಳಿಯ ಬಂಡೆಯ ಮೇಲೆ ಜಿನವಲ್ಲಭನು 10ನೆಯ ಶತಮಾನದಲ್ಲಿ ಕೆತ್ತಿಸಿದ ಶಾಸನದಿಂದ. ಅದನ್ನು ಇಂದೂ ಓದಬಹುದು. 1995ರಲ್ಲಿ ಅದೇ ಅಣ್ಣಿಗೇರಿಗೆ ಬಂದಿರಬಹುದಾದ ಒಂದು ಫ್ಯಾಕ್ಸನ್ನು ಇಂದು ಓದುವುದು ಬಹುತೇಕ ಅಸಾಧ್ಯ. ಆಗಿನ ಫ್ಯಾಕ್ಸ್ ಯಂತ್ರಗಳಲ್ಲಿ ಬಹುಪಾಲು ಶಾಖಕ್ಕೆ ಕಪ್ಪಾಗುವ ಲೇಪನವುಳ್ಳ ಕಾಗದವನ್ನು ಬಳಸುತ್ತಿದ್ದುವು. ಬೆಳಕು, ಬಿಸಿ, ಪ್ಲಾಸ್ಟಿಕ್ ಹೊದಿಕೆಯ ರಾಸಾಯನಿಕಗಳು ಇವುಗಳಿಂದ ಅಕ್ಷರವು ಕೆಲವೇ ವರ್ಷಗಳಲ್ಲಿ ಮಾಸಿ ಹಾಳೆಯು ಬರಿದಾಗುತ್ತದೆ. ಜೋಪಾನವಾಗಿರಲೆಂದು ಪ್ಲಾಸ್ಟಿಕ್ ಕೋಶದಲ್ಲಿಟ್ಟವರ ಹಾಳೆಗಳೇ ಮೊದಲು ಕೆಟ್ಟಿರುವ ಸಂಭವ ಹೆಚ್ಚು. ಬಂದ ದಿನವೇ ಝೆರಾಕ್ಸ್ ತೆಗೆಸಿ ಇಟ್ಟವರ ಪ್ರತಿಗಳು ಉಳಿದಿವೆ.

ಲೇಖಕರ ಪತ್ರವ್ಯವಹಾರವನ್ನು ಸಂಗ್ರಹಿಸುವ ಗ್ರಂಥಾಲಯಗಳು ಈ ಎರಡು ಬಗೆಗಳನ್ನೂ ಬೇರ್ಪಡಿಸಿ ನೋಡಬೇಕಾಗಿದೆ. ಲೇಪನದ ಕಾಗದವು ನುಣುಪಾಗಿ, ಸುರುಳಿಗೊಳ್ಳುವ ಸ್ವಭಾವದ್ದಾಗಿರುತ್ತದೆ. ಉಗುರಿನಿಂದ ಬಲವಾಗಿ ಗೀರಿದರೆ ಕಪ್ಪುಗೆರೆ ಮೂಡುತ್ತದೆ. ಅಂಥವುಗಳಲ್ಲಿ ಅಕ್ಷರದ ಛಾಯೆಯಾದರೂ ಉಳಿದಿದ್ದರೆ, ಕತ್ತಲಲ್ಲಿ ತಂಪಾಗಿಟ್ಟು, ತಡಮಾಡದೆ ವರ್ಣಚಿತ್ರವಾಗಿ ಪ್ರತಿಮಾಡಿಸತಕ್ಕದ್ದು. ಕಳುಹಿಸಿದವನ ಗಣಕದಲ್ಲಿ ಮೂಲ ಕಡತವು ಉಳಿದಿದ್ದರೆ ಅದು ಇನ್ನೂ ಮೇಲು. ಅದರ ಅಕ್ಷರಗಳು ಹಳೆಯ ಸಂಕೇತದಲ್ಲಿದ್ದರೂ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ಉಂಟು. ಪರಿವರ್ತನೆಯಲ್ಲಿ ಅರ್ಕಾವೊತ್ತೂ ಒತ್ತಕ್ಷರಗಳೂ ಸ್ಥಾನಪಲ್ಲಟವಾಗುವುದುಂಟಾದ್ದರಿಂದ, ಮಾಸಿದ ಫ್ಯಾಕ್ಸಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಪಾಠವನ್ನು ತಾಳೆನೋಡುವುದು ಅವಶ್ಯ.