ಆಳಂದದಲ್ಲಿ ಅಫನಾಸಿ ನಿಕಿಟಿನ್

ಅಫನಾಸಿ ನಿಕಿಟಿನ್ ರಷ್ಯಾದ ತ್ವೆರ್ ನಗರದ ವರ್ತಕ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಬಹಮನಿ ರಾಜ್ಯದಲ್ಲಿ ಸಂಚರಿಸಿದ ಈತನ ಪ್ರವಾಸ ಕಥನದಲ್ಲಿ ಈಗಿನ ಕಲಬುರಗಿ ಜಿಲ್ಲೆಯ ಆಳಂದದ ವರ್ಣನೆಯಿದೆ. ಅದೇ ಶತಮಾನದಲ್ಲಿ ವಿಜಯನಗರವನ್ನು ಕಂಡ ಇಟಲಿಯ ನಿಕೊಲೊ ಕೊಂಟಿಯ ಅನುಭವಗಳನ್ನು ಪೊಜಿಯೊ ಬರೆದಿಟ್ಟರೆ, ನಿಕಿಟಿನ್ ಸ್ವತಃ ಬರೆದನು.

ಆಳಂದದ ಜಾತ್ರೆ

ಶೇಖ್ ಅಲಾಉದ್ದೀನರ ಸ್ಮರಣೆಗೆ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಜಾತ್ರೆ ನಡೆಯುತ್ತಿತ್ತೆಂದೂ, 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದೂ ಆತ ಬರೆದಿದ್ದಾನೆ. ಈ ಸಂತರನ್ನು ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಸಂತರೆಂದು ಗುರುತಿಸಲಾಗುತ್ತದೆ.

ಹಸ್ತಪ್ರತಿ ಮತ್ತು ಕಾಲನಿರ್ಣಯ

ನಿಕಿಟಿನ್ ಸ್ಮೊಲೆನ್ಸ್ಕ್ ತಲುಪುವ ಮೊದಲೇ ಮೃತನಾದನು. 19ನೆಯ ಶತಮಾನದಲ್ಲಿ ಇತಿಹಾಸಕಾರ ಕರಮ್ಜಿನ್ ಅವರಿಂದ ಈ ಕೃತಿ ಬೆಳಕಿಗೆ ಬಂದಿತು. ದಾರಿಯ ದರೋಡೆಯಲ್ಲಿ ಗ್ರಂಥಗಳನ್ನು ಕಳೆದುಕೊಂಡ ಆತನಿಗೆ ಹಬ್ಬಗಳ ಲೆಕ್ಕ ತಪ್ಪಿದ್ದರಿಂದ, ಪ್ರವಾಸದ ವರ್ಷಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.