ಹೌಸ್ ಫಿಂಚಿನ ವಲಸೆ ಮತ್ತು ಕಣ್ಣುಬೇನೆ

ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಲೆಸಿರುವ ನಾವು ಹಿತ್ತಲಲ್ಲಿ ಬರ್ಡ್ ಫೀಡರ್ ತೂಗುಹಾಕಿ ಸೂರ್ಯಕಾಂತಿ ಬೀಜ ತುಂಬಿಸಿದರೆ, ಮೊದಲು ಹಾಜರಾಗುವವರಲ್ಲಿ ಹೌಸ್ ಫಿಂಚ್ ಒಂದು. ಗಾತ್ರದಲ್ಲಿ ನಮ್ಮೂರ ಗುಬ್ಬಚ್ಚಿಯಷ್ಟೇ. ಗಂಡಿಗೆ ತಲೆ, ಎದೆಯ ಮೇಲೆ ಕುಂಕುಮ ಚೆಲ್ಲಿದಂಥ ಕೆಂಪು. ಹೆಣ್ಣು ಕಂದು ಗೀರುಗಳ ಸಾದಾ ಹಕ್ಕಿ. ಇದು ಇಲ್ಲಿಯದೇ ಹಕ್ಕಿ ಎಂದು ನಮ್ಮಲ್ಲಿ ಅನೇಕರ ಎಣಿಕೆ. ಆದರೆ ಇದರ ತವರು ಕ್ಯಾಲಿಫೋರ್ನಿಯಾ, ಅರಿಜೋನಾ, ಮೆಕ್ಸಿಕೊ ಕಡೆ.

ಕ್ಯಾಲಿಫೋರ್ನಿಯಾದಲ್ಲಿ ಬಲೆ ಹಾಕಿ ಹಿಡಿದ ಈ ಹಕ್ಕಿಗಳನ್ನು ನ್ಯೂಯಾರ್ಕಿನ ಅಂಗಡಿಗಳಲ್ಲಿ 'ಹಾಲಿವುಡ್ ಫಿಂಚ್' ಎಂಬ ಆಕರ್ಷಕ ಹೆಸರಿನಲ್ಲಿ ಮಾರುತ್ತಿದ್ದರು. ಕಾಡುಹಕ್ಕಿಗಳನ್ನು ಹಿಡಿದು ಮಾರುವುದರ ವಿರುದ್ಧ 1918ರಿಂದಲೇ ಫೆಡರಲ್ ಕಾಯ್ದೆ ಇತ್ತು. 1940ರಲ್ಲಿ ಅದು ಬಿಗಿಯಾದಾಗ, ವ್ಯಾಪಾರಿಗಳು ಕೇಸಿಗೆ ಹೆದರಿ ಲಾಂಗ್ ಐಲೆಂಡಿನಲ್ಲಿ ಪಂಜರದ ಬಾಗಿಲು ತೆರೆದುಬಿಟ್ಟರು. ಹಕ್ಕಿಗಳು ಮೊದಲ ಕೆಲವು ವರ್ಷ ಅಲ್ಲೇ ಸುತ್ತಮುತ್ತ ಉಳಿದವು. ಆಮೇಲೆ ಕನೆಕ್ಟಿಕಟ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಎಂದು ಹಬ್ಬುತ್ತಾ, 1990ರ ದಶಕದ ಹೊತ್ತಿಗೆ ಮಧ್ಯದ ಬಯಲುಸೀಮೆಯಲ್ಲಿ ತಮ್ಮ ಪಶ್ಚಿಮದ ಬಂಧುಗಳನ್ನೇ ಸಂಧಿಸಿದವು. ನಮ್ಮ ಪೀಳಿಗೆಗೆ ಬಾಗಿಲು ತೆರೆದ ವಲಸೆ ಕಾಯ್ದೆ 1965ರದು; ಅಂದರೆ ಪೂರ್ವದಲ್ಲಿ ಈ ಹಕ್ಕಿ ನಮಗಿಂತ 25 ವರ್ಷ ಸೀನಿಯರ್!

1994ರ ಆರಂಭದಲ್ಲಿ, ವಾಷಿಂಗ್ಟನ್ ಡಿ.ಸಿ. ಸುತ್ತಲಿನ ಮನೆಗಳವರು ವಿಚಿತ್ರವೊಂದನ್ನು ಕಂಡರು. ಫೀಡರಿಗೆ ಬಂದ ಫಿಂಚುಗಳ ಕಣ್ಣು ಊದಿ, ನೀರು ಸುರಿದು, ಪಿಸುರುಗಟ್ಟಿ ಮುಚ್ಚಿಕೊಂಡಿತ್ತು. ಪರೀಕ್ಷಿಸಿದಾಗ ಸಿಕ್ಕಿದ್ದು ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್, ಕೋಳಿಗಳಿಗೆ ಶ್ವಾಸದ ಕಾಯಿಲೆ ತರುವ ಹಳೆಯ ಬ್ಯಾಕ್ಟೀರಿಯಾ. ಮನುಷ್ಯರಿಗೆ ಇದು ತಗಲುವುದಿಲ್ಲ. ಹಕ್ಕಿಗೂ ನೇರವಾಗಿ ಮಾರಕವೇನಲ್ಲ. ಆದರೆ ಕಣ್ಣು ಕಾಣದ ಹಕ್ಕಿ ಹಸಿವಿಗೋ ಬೆಕ್ಕಿಗೋ ಬಲಿ.

ಊರಿನಲ್ಲಿ 'ಮದ್ರಾಸ್ ಐ' ಬಂದಾಗ ಅಮ್ಮಂದಿರು ಟವೆಲ್ ಬೇರೆ ಇಡುತ್ತಿದ್ದುದು ನಮಗೆಲ್ಲ ನೆನಪಿದೆ. ಇಲ್ಲಿ ಆ ಟವೆಲಿನ ಪಾತ್ರ ವಹಿಸಿದ್ದು ಫೀಡರ್. ಕೊಳವೆಯಾಕಾರದ ಫೀಡರಿನ ತೂತಿಗೆ ಹಕ್ಕಿ ತಲೆ ತೂರಿಸುತ್ತದೆ, ರೋಗದ ಕಣ್ಣು ಅಂಚಿಗೆ ಒರೆಸಿಕೊಳ್ಳುತ್ತದೆ, ಮುಂದಿನ ಹಕ್ಕಿ ಅಲ್ಲಿಗೇ ಮುಖ ಒಡ್ಡುತ್ತದೆ. ಮೂರು-ನಾಲ್ಕು ವರ್ಷಗಳಲ್ಲಿ ಬೇನೆ ಪೂರ್ವಾರ್ಧವನ್ನೆಲ್ಲ ವ್ಯಾಪಿಸಿ, ಫಿಂಚುಗಳು ದಟ್ಟವಾಗಿದ್ದ ಕಡೆ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಇಷ್ಟು ಖಚಿತವಾಗಿ ಹೇಳಲು ಆಧಾರ, ಮನೆಯ ಕಿಟಕಿಯ ಬಳಿ ಕೂತು ಹಕ್ಕಿ ಎಣಿಸುತ್ತಿದ್ದ ಸಾಮಾನ್ಯ ಜನ. 1976ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಆರಂಭವಾದ ಫೀಡರ್ ಗಣತಿ, 1987ರ ಚಳಿಗಾಲದಿಂದ ಕಾರ್ನೆಲ್‌ನ ಪಕ್ಷಿ ಪ್ರಯೋಗಾಲಯ ಕೈಜೋಡಿಸಿದ ಮೇಲೆ 'ಪ್ರಾಜೆಕ್ಟ್ ಫೀಡರ್‌ವಾಚ್' ಆಗಿ ಖಂಡಕ್ಕೆಲ್ಲ ಹರಡಿತ್ತು. ಹೀಗಾಗಿ ರೋಗಕ್ಕೆ ಮುಂಚಿನ ಲೆಕ್ಕವೂ ಕೈಯಲ್ಲಿತ್ತು. ರೋಗ ಕಂಡ ವರ್ಷವೇ ಕಾರ್ನೆಲ್ ಅದರ ಪ್ರತ್ಯೇಕ ಸಮೀಕ್ಷೆಯನ್ನೂ ಶುರುಮಾಡಿತು. ಸಾಂಕ್ರಾಮಿಕವೊಂದರ ಹೆಜ್ಜೆಗಳು ಮೊದಲಿನಿಂದಲೇ ಹೀಗೆ ದಾಖಲಾಗುವುದು, ವೈದ್ಯವೃತ್ತಿಯಲ್ಲಿರುವ ನಮಗೆ ಗೊತ್ತು, ತೀರ ಅಪರೂಪ.

ಬೇನೆ ಇಂದಿಗೂ ಹೋಗಿಲ್ಲ. ಎರಡು ವಾರಕ್ಕೊಮ್ಮೆ ಫೀಡರ್ ಬಿಚ್ಚಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಪೂರ್ತಿ ಒಣಗಿಸಿ ತೂಗುಹಾಕಬೇಕು. ಕಣ್ಣು ಊದಿದ ಹಕ್ಕಿ ಕಂಡರೆ ಕೆಲವು ವಾರ ಫೀಡರ್ ಇಳಿಸಿಡುವುದು ಒಳ್ಳೆಯದು. ಫೀಡರ್ ಮುಟ್ಟಿದ ಮೇಲೆ ಮಕ್ಕಳ ಕೈ ತೊಳೆಸಿ. 2021ರಲ್ಲಿ ಕಾಡುಹಕ್ಕಿಗಳಿಂದ ಬಂದ ಸಾಲ್ಮೊನೆಲ್ಲಾ 12 ರಾಜ್ಯಗಳ 29 ಜನರಿಗೆ ತಗಲಿತ್ತು. ಅಡುಗೆಮನೆಯ ಸಿಂಕಿನಲ್ಲಂತೂ ಫೀಡರ್ ತೊಳೆಯಬೇಡಿ.